ಚೈತ್ರ ಹನ್ನೆರಡಕ್ಕೆ ಬಂದ ಆಮಾ

ಲಲಿತಪುರದ ನಮ್ಮ ಸಾಫ್ಟ್‌ವೇರ್ ಕಚೇರಿಯಲ್ಲಿ ಯಾರು ಕೆಡಿಸಿದರೂ ಸರಿಮಾಡುವವಳು ನಾನೇ, ಪ್ರಜಿನಾ. ಸಾಕಾಗಿಹೋಗಿದೆ. ಈ ಸಲದ್ದು, ಕಣ್ಣಾಸ್ಪತ್ರೆಯವರು ಮತ್ತೆ ಯಾವ ದಿನ ಬರಬೇಕೆಂದು ರೋಗಿಗಳಿಗೆ ಕೊಡುವ ಚೀಟಿ; ಅದನ್ನು ಅಚ್ಚು ಹಾಕುವ ಪ್ರೋಗ್ರಾಂ ನಮ್ಮದು. ಆ ಪ್ರೋಗ್ರಾಂ ಬರೆದ ಜಾವಾ ಭಾಷೆಗೆ ನೇಪಾಳವೆಂದು ಹೇಳಿದರೆ ಅಂಕಿಗಳನ್ನು ನಮ್ಮ ಲಿಪಿಯಲ್ಲಿ ಬರೆಯುತ್ತದೆ, ತಿಂಗಳು ಮಾತ್ರ ಇಂಗ್ಲಿಷಿನದೇ, ಡಿಸೆಂಬರೇ. ಆಸ್ಪತ್ರೆಯವರು ನಮ್ಮ ತಿಂಗಳೇ ಬೇಕೆಂದರು. ನನ್ನ ಪಕ್ಕದ ಕುರ್ಚಿಯ ಬಿಜೇನ್ ಮಹಾಶಯ ಹೆಸರುಗಳನ್ನಷ್ಟೇ ಬದಲಿಸಿದ: ಜನವರಿ ಇದ್ದಲ್ಲಿ ನಮ್ಮ ಮೊದಲ ತಿಂಗಳು ವೈಶಾಖ, ಡಿಸೆಂಬರ್ ಇದ್ದಲ್ಲಿ ನಮ್ಮ ಕೊನೆಯ ತಿಂಗಳು ಚೈತ್ರ. ಇಸವಿಯನ್ನು ನಮ್ಮ ವಿಕ್ರಮ ಸಂವತ್ ಮಾಡಲು ಐವತ್ತೇಳು ಕೂಡಿಸಿ ಕೈತೊಳೆದುಕೊಂಡ. ಡಿಸೆಂಬರಿನ ಮೊದಲರ್ಧದಲ್ಲಿ ನಮಗೆ ಮಂಗ್ಸಿರ್, ಅಂದರೆ ಮಾರ್ಗಶಿರ, ನಡೆಯುತ್ತಿರುತ್ತದೆ. ಚೈತ್ರ ಬರಲು ಚಳಿಗಾಲವೆಲ್ಲ ಕಳೆಯಬೇಕು.

ಪೇಟೆಯವರು ನಕ್ಕು, ಕೌಂಟರಿನಲ್ಲೇ ಪೆನ್ನಿನಿಂದ ತಿದ್ದಿಸಿಕೊಂಡು ಹೋದರು. ಬೆಟ್ಟದವರು ಚೀಟಿಯನ್ನು ನಂಬಿದರು. ನಮ್ಮ ತಿಂಗಳುಗಳ ದಿನಗಳು ವರ್ಷವರ್ಷಕ್ಕೂ ಬೇರೆ; ಅಷ್ಟನ್ನೂ ಪಂಚಾಂಗ ನೋಡಿಕೊಂಡು ನಾನು ಪ್ರೋಗ್ರಾಂಗೆ ತುಂಬಿಸಿದೆ. ಫೋನ್ ಇದ್ದವರಿಗೆಲ್ಲ ಫೋನ್ ಮಾಡಿದೆವು.

ಚೈತ್ರ ಹನ್ನೆರಡಕ್ಕೆ ಆಸ್ಪತ್ರೆಯಿಂದ ಕರೆ ಬಂತು. ಹೋದರೆ, ದೋಲಖಾ ಬೆಟ್ಟದ ಕಡೆಯ, ಫೋನ್ ಇಲ್ಲದ ಸುಕುಮಾಯಾ ಥಾಮಿ ಎಂಬ ಮುದುಕಿ ಮಗನ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಕಣ್ಣಿನ ಒತ್ತಡ ಇಳಿಸುವ ಆಪರೇಷನ್ನು ಡಿಸೆಂಬರ್ ಹನ್ನೆರಡಕ್ಕೆ, ಅಂದರೆ ಮಂಗ್ಸಿರಿನಲ್ಲೇ, ಆಗಬೇಕಿತ್ತು; ಚೀಟಿಯಲ್ಲಿ ಚೈತ್ರ ಹನ್ನೆರಡು ಎಂದಿತ್ತು. ಉಳಿದಿದ್ದ ಚೂರು ದೃಷ್ಟಿಯೂ ಹೋಗಿದೆ, ಇನ್ನು ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರು.

ಅಷ್ಟರಲ್ಲಿ ನಮ್ಮ ಕಚೇರಿಯ ಮಾಲೀಕ ಸುವಾಸ್ ಫೋನ್ ಮಾಡಿದ. ಅವನಿಗೆ ನಾನು ಬಹಿನಿ, ಅಂದರೆ ತಂಗಿ; ನನಗೆ ಅವನು ದಾಜು, ಅಣ್ಣ.

"ಬಹಿನಿ, ನಮ್ದೇ ತಪ್ಪು ಅಂತ ಒಪ್ಕೊಂಡ್ಬಿಟ್ಟೀಯ ಮತ್ತೆ! ಅವರೇ ತಡ ಮಾಡಿದ್ರು ಅನ್ನು."

"ಚೀಟಿ ಅವರ ಕೈಯಲ್ಲೇ ಇದೆ, ದಾಜು."

"ಇಸ್ಕೊಂಡು ಹೊಸದು ಕೊಡು. ಅಷ್ಟೂ ಹೊಳೆಯಲ್ವಾ ನಿಂಗೆ?"

ಫೋನ್ ಇಟ್ಟು ಮುದುಕಿಯ ಪಕ್ಕ ಕೂತೆ. ಯಾರೋ ಬಂದು ಕೂತರೆಂದು ತಿಳಿದು ಅವಳೇ ಮಾತು ತೆಗೆದಳು.

"ಯಾಕಿಷ್ಟು ತಡ ಅಂತ ಎಲ್ರೂ ಕೇಳ್ತಾವ್ರೆ, ತಾಯಿ. ಇವ್ನು ಮೂರ್ನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು. ಏನೋ ತಪ್ಪು ಓದ್ಕೊಂಡವ್ನೆ. ಬೆಳಿಗ್ಗೆಯಿಂದ ಬೈತಾನೇ ಇವ್ನಿ, ಬಾಯೇ ಬಿಡ್ತಿಲ್ಲ ದರಿದ್ರದೋನು."

ಮಗ ಚೀಟಿಯನ್ನು ಮತ್ತೆ ಮತ್ತೆ ಮಡಿಸಿ ಬಿಚ್ಚುತ್ತಿದ್ದ. ಅದನ್ನು ಇಸಿದುಕೊಳ್ಳಲು ನನ್ನ ಕೈ ಮುಂದೆ ಬರಲಿಲ್ಲ.

"ಆಮಾ, ನಿಮ್ಮ ಮಗ ಸರಿಯಾಗೇ ಓದಿದ್ದಾರೆ," ಎಂದೆ. "ಬರೆದಿದ್ದೇ ತಪ್ಪು. ಬರೆದಿದ್ದು ನಾವು."

ಅವಳು ನನ್ನನ್ನು ಬಿಟ್ಟು ಅತ್ತ ತಿರುಗಿ, ಕೈಯಿಂದ ತಡಕಾಡಿ ಮಗನ ಮುಖ ಹುಡುಕಿದಳು.

"ಅಳ್ತಿದೀಯೇನೋ?" ಎಂದಳು.

ನಾನು ಬಂದಾಗಿನಿಂದಲೂ ಅವನು ಅಳುತ್ತಲೇ ಇದ್ದ.