ರಾಜಬಿಯ ಗದ್ದ ಹಿಡಿದ ಕೈ

ಎಪ್ಪತ್ನಾಲ್ಕರ ಚಳಿಗಾಲ. ಜೋರಾಪುರ ಪೇಟೆಯ ಮನೆಯಲ್ಲಿ ದಿನಕ್ಕೆ ನೂರು ರೊಟ್ಟಿ ಬಡಿದು, ಒಣಗಿಸಿ, ಸೊಲ್ಲಾಪುರ ರಸ್ತೆಯ ಖಾನಾವಳಿಗೆ ಕೊಡುತ್ತಿದ್ದೆ. ಎಂಟು ವರ್ಷದ ಮಗಳು ರಾಜಬಿ ಅದರ ಒಂದು ಚೂರನ್ನೂ ತಿನ್ನುತ್ತಿರಲಿಲ್ಲ. ಅಂಬಲಿ, ಸಾರಿನಲ್ಲಿ ನೆನೆದು ಮೆತ್ತಗಾದ ರೊಟ್ಟಿ, ಶಾಲೆಯಲ್ಲಿ ಕೊಡುವ ಹಳದಿ ಉಪ್ಪಿಟ್ಟು, ಅದೂ ನೀರಾಗಿದ್ದರೆ; ಇಷ್ಟೇ ಅವಳ ಊಟ. ನಾನು ಹಟ ಎಂದುಕೊಂಡಿದ್ದೆ. ಸದಾ ಬಾಯಿ ತೆರೆದುಕೊಂಡು ಕೂಡುತ್ತಾಳೆ, ಮಂಕು ಹುಡುಗಿ ಎಂದು ಮಾಸ್ತರರು ಬೇರೆ ಹೇಳಿದ್ದರು.

ಒಂದು ಮಧ್ಯಾಹ್ನ ಸಾರವಾಡದಿಂದ ನಾದಿನಿ ಮಾಬುಬಿ ಬಂದಳು. ರಾಜಬಿ ಸೊರ್ರೆಂದು ಅಂಬಲಿ ಕುಡಿಯುವುದನ್ನು ನೋಡಿ ನಕ್ಕಳು.

"ರೊಟ್ಟಿ ಮಾರಾಕಿ ಮಗಳಿಗೆ ಹಲ್ಲ ಬಂದಿಲ್ಲೇನ ಬೇ? ಬಾಯಾಗ ನೊಣ ಸಂಸಾರ ಹೂಡ್ಯಾವು ನೋಡ."

ಬೆಳಗಿನಿಂದ ಒಲೆಯ ಮುಂದೆ ಕೂತಿದ್ದೆ. ಮೈ ಉರಿಯಿತು. ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ರಾಜಬಿಯ ಬಾಯಿಗೆ ತುರುಕಿದೆ. ಬಾಯಿ ಮುಚ್ಚಿ ನುರಿಸು ಎಂದೆ. ಎರಡು ಸಲ ನುರಿಸಿ ಬಾಯಿ ತೆರೆದಳು. ಉಗುಳುತ್ತಾಳೆಂದು ಗದ್ದ ಒತ್ತಿ ಹಿಡಿದೆ.

ಮೊದಲು ಕೊಸರಾಡಿದಳು. ಆಮೇಲೆ ಕಣ್ಣು ದೊಡ್ಡದಾಗಿ, ತುಟಿಯ ಸುತ್ತ ಬೂದಿ ಬಣ್ಣ ಬಂತು. ಸದ್ದೇ ಇಲ್ಲ. ಮಾಬುಬಿ ನನ್ನ ಕೈ ಕಿತ್ತು ತೆಗೆದು, ಹುಡುಗಿಯನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದಳು. ರೊಟ್ಟಿಯ ಚೂರು ನೆಲಕ್ಕೆ ಬಿತ್ತು. ಆಮೇಲೆ ರಾಜಬಿ ಉಸಿರೆಳೆದ ಸದ್ದು ಕೇಳಿತು.

ಆವತ್ತಿನಿಂದ ನಾನು ಬಟ್ಟಲು ಹಿಡಿದು ಹತ್ತಿರ ಹೋದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವಳು. ಉಸಿರು ಸಾಲದೆ ತಾನೇ ಕೈ ತೆಗೆಯುವಳು, ಮತ್ತೆ ಮುಚ್ಚುವಳು. ಎರಡು ದಿನ ಬರೀ ನೀರು.

ಮೂರನೆಯ ದಿನ ಬೆಳಿಗ್ಗೆ, ಅವಳಿಗೆ ಮೂಗಿನಲ್ಲಿ ಉಸಿರಾಡುವುದಿಲ್ಲವೇನೋ ಎನಿಸಿ, ನಾನೊಬ್ಬಳೇ ಕೂತು ಮೂಗು ಹಿಡಿದುಕೊಂಡು ಕಟಕ ರೊಟ್ಟಿ ನುರಿಸಿದೆ. ನುಂಗುವಷ್ಟು ಮೆತ್ತಗಾಗುವ ಮೊದಲೇ ಎದೆ ಬಿಗಿಯಿತು. ಬಾಯಿ ತಾನಾಗಿ ತೆರೆಯಿತು, ಪುಡಿ ಗಂಟಲಿಗೆ ನುಗ್ಗಿತು. ಅಂಬಲಿಯಾದರೆ ಒಂದೇ ಗುಟುಕು, ಉಸಿರಿಗೆ ಅಡ್ಡವಿಲ್ಲ. ರೊಟ್ಟಿ ತಿನ್ನಬೇಕಾದರೆ ಅವಳು ಉಸಿರಾಡುವುದನ್ನೇ ನಿಲ್ಲಿಸಬೇಕಿತ್ತು.

ಆ ದಿನವೇ ಮೂಗಿನ ಡಾಕ್ಟರರ ಹತ್ತಿರ ಒಯ್ದೆ. ಮೂಗಿನ ಹಿಂದೆ ಮಾಂಸ ಬೆಳೆದು ದಾರಿ ಕಟ್ಟಿದೆ, ತೆಗೆಯಬೇಕು ಎಂದರು. ಮುಖಕ್ಕೆ ಬಟ್ಟೆ ಇಟ್ಟು ಔಷಧ ಹನಿಸಿ ಮಲಗಿಸುತ್ತಾರಂತೆ. ನಾನು ಬಾಗಿಲ ಹೊರಗೆ ನಿಲ್ಲಬೇಕಂತೆ. ಏಳುತ್ತಾಳೋ ಇಲ್ಲವೋ ಎಂದು ಕೇಳದೆ, ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು ಕೇಳಿದೆ.

ಆಪರೇಷನ್ನಿಗೆ ಹೊರಟ ದಿನ ಟಾಂಗಾದಲ್ಲಿ ರಾಜಬಿ ನನ್ನಿಂದ ದೂರ ಸರಿದು ಕೂತಿದ್ದಳು.

"ಅಲ್ಲಿ ನನ್ನ ಬಾಯಿ ಮುಚ್ಚತಾರೇನ ಯವ್ವಾ?"

ಸುಳ್ಳು ಹೇಳಬಹುದಿತ್ತು.

"ಹೂಂ. ಸ್ವಲ್ಪ ಹೊತ್ತು ಮುಚ್ಚತಾರ."

"ನೀ ಮುಚ್ಚತೀಯೇನ?"

"ಇಲ್ಲವ್ವಾ. ಡಾಕ್ಟರ್ ಮುಚ್ಚತಾರ."

ಅವಳು ಬಾಯಿ ತೆರೆದುಕೊಂಡು ರಸ್ತೆಯತ್ತ ನೋಡಿದಳು.

"ಹಂಗಾರ ಬರ್ತೀನಿ," ಎಂದಳು.