ಖರೀದಿಯ ತಾರೀಖು

ವೀಬ್ಕೆಯ ತಂದೆ ಹೂಸುಮ್ ಬಂದರಿನಲ್ಲಿ ದೋಣಿ ಕಟ್ಟುವ ಶೆಡ್ಡು ಇಟ್ಟುಕೊಂಡಿದ್ದರು. ಆ ವ್ಯವಹಾರ ಮುಳುಗಿದ್ದು ಪಾಲುದಾರ ಫೋಲ್ಕರ್ಟ್‌ನ ಕೈಚಳಕದಿಂದ. ಅವನು ವೀಬ್ಕೆಯ ಗಂಡ ಎಗರ್ಟ್‌ನ ಖಾಸಾ ತಮ್ಮ. ಶೆಡ್ಡು ಮಾರಿ ಉಳಿದಷ್ಟನ್ನು ಮಗಳ ಕೈಗಿಟ್ಟು ತಂದೆ ತೀರಿಕೊಂಡರು. ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ಅವಳು ಆ ದುಡ್ಡನ್ನೆಲ್ಲ ಒಂದು ಔಷಧ ಕಂಪನಿಯ ಷೇರಿಗೆ ಹಾಕಿದಳು. ಆ ವರ್ಷ ಮುಗಿಯುವುದರೊಳಗೆ ಕೊಂಡು, ಒಂದು ವರ್ಷ ದಾಟಿಸಿ ಮಾರಿದರೆ ಲಾಭಕ್ಕೆ ತೆರಿಗೆಯಿಲ್ಲ. ಹೊಸ ವರ್ಷದಿಂದಾಚೆ ಕೊಂಡದ್ದನ್ನು ಎಷ್ಟು ಕಾಲ ಇಟ್ಟರೂ ಲಾಭದ ಕಾಲು ಭಾಗ ಸರ್ಕಾರಕ್ಕೆ ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ ಅದು.

ಹದಿನೈದು ವರ್ಷ ಅವಳು ಅದನ್ನು ಮುಟ್ಟಲಿಲ್ಲ. ಬ್ಯಾಂಕಿನ ಲಕೋಟೆಗಳನ್ನು ಎಗರ್ಟ್‌ನೇ ಒಡೆದು ಕಡತಕ್ಕೆ ಸೇರಿಸುತ್ತಿದ್ದ. ಖಾತೆಯ ಮೇಲೆ ಅವನಿಗೂ ಸಹಿಯ ಅಧಿಕಾರವಿತ್ತು. ಈ ಮಾರ್ಚಿನಲ್ಲಿ ಮನೆಯ ಜೊಂಡಿನ ಚಾವಣಿಯನ್ನು ಹೊಸದಾಗಿ ಹೊದಿಸಲೆಂದು ಷೇರು ಮಾರಿದಾಗ, ಏಳು ಸಾವಿರ ಯೂರೋ ತೆರಿಗೆ ಮುರಿದುಕೊಂಡು ಉಳಿದದ್ದು ಬಂತು. ಬ್ಯಾಂಕಿನವರದೇ ತಪ್ಪೆಂದು ಅವಳು ಕೋಟು ಹಾಕಿಕೊಂಡು ಹೊರಟಳು.

ಕೌಂಟರಿನ ಹುಡುಗಿ ಪರದೆಯನ್ನು ಅವಳತ್ತ ತಿರುಗಿಸಿದಳು. "ಇವು ಎರಡ್ಸಾವಿರದ ಹದಿನೈದು ಫೆಬ್ರವರೀಲಿ ಕೊಂಡಿದ್ದು ಮೇಡಂ. ಹಳೇವು ಅದಕ್ಕೂ ನಾಕು ತಿಂಗ್ಳು ಮೊದ್ಲೇ ಮಾರಾಟ ಆಗಿವೆ. ಅವಕ್ಕೆ ತೆರಿಗೆ ಇರ್ಲಿಲ್ಲ. ಸಹಿ ನಿಮ್ಮ ಯಜಮಾನ್ರದು."

ಎರಡು ಸಾವಿರದ ಹದಿನಾಲ್ಕರ ಆ ಶರತ್ಕಾಲ ವೀಬ್ಕೆಗೆ ಚೆನ್ನಾಗಿ ನೆನಪಿತ್ತು. ಫೋಲ್ಕರ್ಟ್‌ನ ಗ್ಯಾರೇಜು ಹರಾಜಿಗೆ ಬಂದಿತ್ತು. ಅವನು ಇವರ ಅಡುಗೆಮನೆಯಲ್ಲೇ ಕೂತು ಸಹಾಯ ಬೇಡಿದ್ದ, ಅವಳು ಆಗುವುದಿಲ್ಲವೆಂದಿದ್ದಳು. ತಮ್ಮನ ಎದುರಿಗೇ ಎಗರ್ಟ್ ಅವಳ ಮಾತೇ ತನ್ನ ಮಾತು ಎಂದಿದ್ದ. ಅದನ್ನವಳು ಅಕ್ಕನಿಗೆ ಎಷ್ಟು ಸಲ ಹೇಳಿಕೊಂಡು ಬೀಗಿದ್ದಳೋ.

ಮನೆಗೆ ಬಂದಾಗ ಎಗರ್ಟ್ ಸಿಗಡಿ ಸುಲಿಯುತ್ತಿದ್ದ. ಅವಳು ಮುಂದಿಟ್ಟ ಬ್ಯಾಂಕಿನ ಕಾಗದದಲ್ಲಿ ತಾರೀಖು ನೋಡಿದವನು ಏನೆಂದು ಕೇಳಲೇ ಇಲ್ಲ.

"ಒಂದು ಷೇರೂ ಕಮ್ಮಿ ಇಲ್ದಂಗೆ ವಾಪಸ್ ಕೊಂಡಿಟ್ಟೆ, ವೀಬ್ಕೆ. ರೇಟು ಏರಿತ್ತು, ಮೇಲಿಂದು ನನ್ ಕೈಯಿಂದ ಹಾಕ್ದೆ. ನಾಕೇ ತಿಂಗ್ಳಲ್ಲಿ ಫೋಲ್ಕರ್ಟ್ ದುಡ್ಡು ತೀರಿಸ್ದ. ಏನೇ ಆದ್ರೂ ನನ್ ತಮ್ಮ ಅಲ್ವಾ ಅವ್ನು?"

"ಅಪ್ಪನ್ನ ಮುಳುಗ್ಸಿದೋನಿಗೆ ಅಪ್ಪನ್ ದುಡ್ಡೇ ಕೊಟ್ಟೆ. ಕೊಟ್ಟು, ನನ್ ಪಕ್ಕದಲ್ಲೇ ಕೂತು ಅವನ್ನ ಬೈತಿದ್ದೆ."

ಏಳು ಸಾವಿರವನ್ನು ತನ್ನ ಪಿಂಚಣಿಯಿಂದ ತುಂಬಿಕೊಡುತ್ತೇನೆಂದ. ಅವಳು ಬೇಡವೆಂದಳು. ಆ ತೆರಿಗೆ ಬೀಳದಿದ್ದರೆ ಸಾಯುವವರೆಗೂ ತನಗೆ ತಿಳಿಯುತ್ತಿರಲಿಲ್ಲವಲ್ಲ ಎಂಬುದೇ ಅವಳನ್ನು ಹೆಚ್ಚು ಸುಡುತ್ತಿತ್ತು. ಮಾರನೆಯ ದಿನ ಹೋಗಿ ಅವನ ಸಹಿಯ ಅಧಿಕಾರ ರದ್ದು ಮಾಡಿಸಿ ಬಂದಳು.

ಮೇ ತಿಂಗಳಲ್ಲಿ ಒಂದು ದಿನ ಎಗರ್ಟ್ ಅಳುಕುತ್ತಲೇ, ಫೋಲ್ಕರ್ಟ್ ಬಂದು ಕ್ಷಮೆ ಕೇಳಬೇಕೆಂದಿದ್ದಾನೆ ಎಂದ.

"ಬರ್ಲಿ," ಎಂದಳು ವೀಬ್ಕೆ. "ಅವನ ಮೇಲೆ ನಂಗೀಗ ಅಷ್ಟು ಕೋಪ ಇಲ್ಲ. ಅವನು ಎಂಥೋನು ಅಂತ ಮೊದ್ಲಿಂದ ಗೊತ್ತಿತ್ತು."

ಎಗರ್ಟ್ ತನ್ನ ಬಟ್ಟಲನ್ನೂ ಮುಂದೆ ಸರಿಸಿದ. ಅವಳು ಚಹಾ ಬಗ್ಗಿಸಿಕೊಂಡಳು, ಒಂದೇ ಬಟ್ಟಲಿಗೆ.