ಉಡಿದಾರದ ಗಂಟು

"ಕತ್ತರಿ ತಗೊಂಬಾರಮ್ಮ ಪದ್ಮಾ, ಉಡ್ದಾರ ಕತ್ತರಿಸ್ಬೇಕು," ಎಂದು ಚಿಕ್ಕವೆಂಕಟಪ್ಪ ಬಾಗಿಲಿನತ್ತ ಕೂಗಿದ. ಮನೆ ಮುಂದಿನ ಬೆಂಚಿನ ಮೇಲೆ ಮಲಗಿಸಿದ್ದ ಅವನ ಅಣ್ಣ ಸಂಜೀವಪ್ಪನ ಹೆಣಕ್ಕೆ ಆಗಷ್ಟೇ ನೀರು ಹಾಕಿದ್ದರು. ಸಂಜೀವಪ್ಪನ ಹೆಂಡತಿ ರುಕ್ಮಿಣಮ್ಮ ಖಾಲಿ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬೀದಿಯ ಮಗ್ಗಗಳೆಲ್ಲ ಅಂದು ಬಾಯಿ ಮುಚ್ಚಿಕೊಂಡಿದ್ದವು. ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದಾಗಿನಿಂದ ಅಂಥ ನಿಶ್ಶಬ್ದವನ್ನು ಅವಳು ಕಂಡೇ ಇರಲಿಲ್ಲ.

ಮಗಳು ಪದ್ಮಶ್ರೀ ಕತ್ತರಿ ತಂದಳು. ಅದು ಬೇಕಾಗಲೇ ಇಲ್ಲ. ಚಿಕ್ಕವೆಂಕಟಪ್ಪ ಬೆರಳು ಹಾಕಿ ಎಳೆದದ್ದೇ ತಡ, ಕರೀ ದಾರ ಸೊಂಟ ದಾಟಿ, ತೊಡೆ ದಾಟಿ, ಪಾದದ ಕಡೆಯಿಂದ ಕೈಗೆ ಬಂದುಬಿಟ್ಟಿತು.

"ಅಯ್ಯೋ ಶಿವನೇ, ಹೆಂಗಿದ್ದ ಆಳು!" ಎಂದು ನಾದಿನಿ ಬೈರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಹಬ್ಬಕ್ಕೆ ಬಂದಾಗ ನಾನೇ ಅಂದಿದ್ದೆ, ಏನಣ್ಣ, ಹೊಟ್ಟೆ ಕರಗ್ಸಿ ಮದ್ವೆ ಗಂಡಾಗಿದ್ಯಲ್ಲ ಅಂತ."

"ಎಲ್ರೂ ಅಂದ್ವಿ ಬಿಡವ್ವ," ಎಂದ ಚಿಕ್ಕವೆಂಕಟಪ್ಪ.

ಆ ಮಾತು ರುಕ್ಮಿಣಮ್ಮನ ಎದೆಗೆ ನಾಟಿತು. ಬೇರೆಯವರು ಬರೀ ನೋಡಿದ್ದರು. ಅವಳು ಕೈಯಾರೆ ಅಳೆದಿದ್ದಳು.

*

ಹೋದ ವರ್ಷ ಸ್ನಾನ ಮುಗಿಸಿ ಬಂದವನು, "ಲೇ ರುಕ್ಕೂ, ಇದು ಜಾರ್ತದೆ ಕಣೇ, ಒಂದು ಗಂಟು ಹಾಕು," ಎಂದು ಬೆನ್ನು ತಿರುಗಿಸಿದ್ದ. ದಿನವಿಡೀ ಕಿತ್ತುಹೋದ ಎಳೆ ಕಟ್ಟುವ ನೇಕಾರನಿಗೆ ತನ್ನ ಉಡಿದಾರಕ್ಕೆ ಮಾತ್ರ ಹೆಂಡತಿಯ ಕೈಯೇ ಆಗಬೇಕು!

"ಡಬ್ಬಾ ದಾರ ಕೊಟ್ಟವ್ನೆ ಆ ಅಂಗಡಿಯೋನು. ನೀರು ಬಿದ್ರೆ ಹಿಗ್ತದೆ," ಎಂದು ಅವಳು ಬಿಗಿ ಮಾಡಿದಳು. ಯುಗಾದಿ ಹೊತ್ತಿಗೆ ಇನ್ನೊಂದು ಗಂಟು. ಆಮೇಲೆ ಮತ್ತೊಂದು. ಪ್ರತಿ ಸಲವೂ ಅಂಗಡಿಯವನಿಗೆ ಬೈಗುಳ. ತಟ್ಟೆಯಲ್ಲಿ ಮುದ್ದೆ ಉಳಿದರೆ ಗಂಡನಿಗೂ ಬೈಗುಳ: "ನನ್ ಕೈ ಅಡ್ಗೆ ಬೇಜಾರಾಯ್ತಾ ನಿಮ್ಗೆ?" ಅವನು ನೀರು ಕುಡಿದುಕೊಂಡು ನುಂಗುತ್ತಿದ್ದ.

ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಬೆಂಗಳೂರಿಗೆ ಓಡಿದರು. ಶ್ವಾಸಕೋಶದ ಕ್ಯಾನ್ಸರ್ ಎಂದ ಡಾಕ್ಟರಮ್ಮ, "ಆರು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ?" ಎಂದು ಕೇಳಿದರು.

"ತೂಕ ನೋಡಿಲ್ಲ ಮೇಡಂ. ಉಡ್ದಾರ ಮೂರು ಸಲ ಬಿಗಿ ಮಾಡಿದೀನಿ," ಎಂದಳು ರುಕ್ಮಿಣಮ್ಮ.

ಡಾಕ್ಟರಮ್ಮ ನಗಲಿಲ್ಲ. ಅವನ ತೋಳನ್ನು ಹಿಡಿದು ನೋಡಿದರು. "ಅದೇ ಸೂಚನೆ ಕಣಮ್ಮ. ಈ ಕಾಯಿಲೆ ಮೈಯಲ್ಲಿರೋ ಮಾಂಸಾನೇ ಕರಗಿಸುತ್ತೆ. ಊಟ ಸೇರಲ್ಲ, ತಿಂದರೂ ಮೈಗೆ ಹತ್ತಲ್ಲ. ಹೀಗೆ ಸೊರಗಿದವರಿಗೆ ಔಷಧಿ ತಡ್ಕೊಳ್ಳೋದು ಕಷ್ಟ, ಆಯಸ್ಸೂ ಕಮ್ಮಿ. ಮೊದಲ ಸಲ ಸಡಿಲ ಆದಾಗಲೇ ಬಂದಿದ್ರೆ..." ಅಷ್ಟಕ್ಕೇ ನಿಲ್ಲಿಸಿ, "ಇನ್ನು ಊಟಕ್ಕೆ ಬಲವಂತ ಮಾಡಬೇಡಿ," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನೇ ಅವಳನ್ನು ಸಮಾಧಾನ ಮಾಡಿದ. "ನಿನ್ ಅಡ್ಗೇದೇನೂ ತಪ್ಪಿಲ್ಲ ಬಿಡೇ, ಡಾಕ್ಟ್ರೇ ಹೇಳಿದ್ರಲ್ಲ." ಅವಳಿಗೆ ಅಳು ತಡೆಯಲಾಗಲಿಲ್ಲ.

*

"ಗಾಡಿ ಬಂತು," ಎಂದು ಯಾರೋ ಕೂಗಿದರು. ಚಿಕ್ಕವೆಂಕಟಪ್ಪ ದಾರವನ್ನು ಬಿಸಾಡಲು ಕೈ ಎತ್ತಿದ.

"ಕೊಡಪ್ಪ ಇಲ್ಲಿ," ಎಂದಳು ರುಕ್ಮಿಣಮ್ಮ.

"ಇನ್ಯಾಕೆ ಅತ್ಗೆ ಅದು?"

"ಕೊಡು ಅಂದೆ."

ಒದ್ದೆ ನೆಲದಲ್ಲೇ ಕೂತಳು. ನೆನೆದ ಗಂಟು ಉಗುರಿಗೆ ಜಗ್ಗಲಿಲ್ಲ. ಹಲ್ಲು ಹಚ್ಚಿದಳು. ತಾನು ಹಾಕಿದ್ದ ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಹೊತ್ತಾಗುತ್ತಿದ್ದರೂ ಯಾರೂ ಅವಸರ ಮಾಡಲಿಲ್ಲ.

ದಾರ ಮೊದಲಿನ ಅಳತೆಗೆ ಬಂತು. ಪಾದದ ಕಡೆಯಿಂದ ಒದ್ದೆ ಪಂಚೆಯ ಮೇಲೆಯೇ ಗಂಡನ ಸೊಂಟದವರೆಗೆ ಏರಿಸಿದಳು. ಅದು ಮೈಗೆ ತಾಗದೆ ಪಕ್ಕಕ್ಕೆ, ಬೆಂಚಿನ ಮೇಲೆ ಬಿದ್ದುಕೊಂಡಿತು. ದಾರಕ್ಕೂ ಸೊಂಟಕ್ಕೂ ನಡುವೆ ಉಳಿದ ಜಾಗದಲ್ಲಿ ಅಂಗೈ ಇಟ್ಟಳು. ಅಂಗೈ ಪೂರ್ತಿ ಹಿಡಿಯಿತು.

"ಈಗ ಕತ್ತರಿಸಪ್ಪ," ಎಂದಳು.